ಉಂಡು ಮಲಗಿದರೂ ಮುಗಿಯದ ಜಗಳಕ್ಕೆ ಏನು ಮಾಡಬೇಕು?

ನಮ್ಮ ಮಗಳಿಗೆ ಆಗ ಏಳು ವರ್ಷ. ನಾನೂ ನಮ್ಮನೆಯವರೂ ಮಾತು ಬಿಟ್ಟು ಮೂರು ದಿನ ಆಗಿತ್ತು. "ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು" ಅಂತ ನಾನು. "ನನಗೆ ಹಸಿವಿಲ್ಲ ಅಂತ ಅಮ್ಮಂಗೆ ಹೇಳು" ಅಂತ ಅವರು. ಮಗು ಅಡುಗೆಮನೆಗೂ ಹಾಲ್‌ಗೂ ಓಡಾಡುತ್ತಿತ್ತು. ನಾಲ್ಕನೇ ಸಲ ಬಂದವಳು ನನ್ನ ಸೆರಗು ಹಿಡಿದು ಕೇಳಿದಳು: "ಅಮ್ಮಾ, ನಾನು ಸರಿಯಾಗಿ ಹೇಳ್ಲಿಲ್ವಾ? ಅದಕ್ಕೇ ಅಪ್ಪ ಬರ್ತಿಲ್ವಾ?"

ಆ ಜಗಳ ಶುರುವಾಗಿದ್ದು ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ. ಒಳಗಿದ್ದ ವಿಷಯ ಬೇರೆ. ಒಂದು ವಾರದ ಹಿಂದೆ ಅವರು ತಮ್ಮನಿಗೆ 40,000 ರೂಪಾಯಿ ಕೊಟ್ಟಿದ್ದರು. ನನಗೆ ಹೇಳಿರಲಿಲ್ಲ. ನನಗೆ ಗೊತ್ತಾಗಿತ್ತು, ನಾನೂ ಕೇಳಿರಲಿಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು ಉಪ್ಪಿಗಾಗಿ ಕಾದಿದ್ದೆವು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಸಣ್ಣಪುಟ್ಟ ಜಗಳಕ್ಕೆ ಆ ಗಾದೆ ನಿಜ. ಆದರೆ ಕೆಲವು ಜಗಳ ಉಂಡು ಮಲಗಿದರೂ ಬೆಳಿಗ್ಗೆ ನಮಗಿಂತ ಮೊದಲೇ ಎದ್ದು ಕೂತಿರುತ್ತವೆ. ಅಂಥ ಜಗಳವನ್ನು ಜಗಳ ಆಡುತ್ತಲೇ ಬಗೆಹರಿಸಲು ಆಗುವುದಿಲ್ಲ. ಅದಕ್ಕೆ ಜಗಳವಿಲ್ಲದ ಒಂದು ಗಂಟೆ ಬೇಕು, ಒಂದು ನೋಟ್‌ಬುಕ್ ಬೇಕು. ನಮ್ಮ ಮದುವೆಗೆ ಈಗ 16 ವರ್ಷ. ನಾವು ತಡವಾಗಿ ಕಲಿತದ್ದನ್ನು ಒಂದೊಂದಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು: ಮನೆಯಲ್ಲಿ ಭಯ ಇದೆಯಾ?

ಹೊಡೆತ, ಹೊಡೆಯುತ್ತೇನೆ ಅನ್ನುವ ಬೆದರಿಕೆ, ಮನೆಯಿಂದ ಆಚೆ ಹಾಕುವುದು, ಫೋನ್ ಕಿತ್ತುಕೊಳ್ಳುವುದು, ಸಂಬಳವನ್ನೆಲ್ಲ ಕಸಿದುಕೊಳ್ಳುವುದು, ವರದಕ್ಷಿಣೆಗೆ ಪೀಡಿಸುವುದು. ಇವುಗಳಲ್ಲಿ ಒಂದಿದ್ದರೂ ಮುಂದೆ ಬರೆದಿರುವ ಯಾವುದೂ ನಿಮಗಲ್ಲ. ಒಬ್ಬರಿಗೆ ಇನ್ನೊಬ್ಬರ ಭಯ ಇರುವ ಕಡೆ ಎದುರುಬದುರು ಕೂತು ಮಾತಾಡುವುದೇ ಅಪಾಯ. "ಸ್ವಲ್ಪ ಹೊಂದ್ಕೊಂಡು ಹೋಗಮ್ಮ" ಅನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ.

ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ನೆರವಿಗೆ ಜಿಲ್ಲೆಗಳಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್‌ಗಳಿವೆ, ಹಲವು ತಾಲ್ಲೂಕುಗಳಲ್ಲಿ ಸಾಂತ್ವನ ಕೇಂದ್ರಗಳಿವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬರೀ ಏಟಿಗೆ ಸೀಮಿತವಲ್ಲ. ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದು ಕೂಡ ಅದರಲ್ಲಿ ಬರುತ್ತದೆ. ಮನೆ ಗಂಡನ ಹೆಸರಿನಲ್ಲೇ ಇದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಆ ಕಾಯ್ದೆ ಕೊಡುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಂಖ್ಯೆ 15100.

ಅಂಥ ಭಯ ಇಲ್ಲ, ಆದರೆ ಮನೆಯಲ್ಲಿ ನೆಮ್ಮದಿಯೂ ಇಲ್ಲ ಅಂತಾದರೆ ಮುಂದೆ ಓದಿ.

ಒಂದು: ಬೇರೆ ಬೇರೆ ಕೂತು ಬರೆಯಿರಿ

ಇಬ್ಬರೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಕಳೆದ ಆರು ತಿಂಗಳಲ್ಲಿ ಯಾವುದಕ್ಕೆಲ್ಲ ಜಗಳವಾಯಿತು ಅಂತ ಬರೆಯಿರಿ. ಪಕ್ಕದಲ್ಲಿ "ಇದರ ಒಳಗೆ ಇದ್ದಿದ್ದು ಏನು?" ಅಂತ ಇನ್ನೊಂದು ಸಾಲು. ಇದಕ್ಕೆ ಸಮಯ ಹಿಡಿಯುತ್ತದೆ. ನನ್ನ ಹಾಳೆಯಲ್ಲಿ ಹದಿಮೂರು ಜಗಳ ಇದ್ದವು. ಒಳಗಿನ ಕಾರಣ ಬರೆಯುತ್ತಾ ಹೋದಾಗ ಉಳಿದಿದ್ದು ಮೂರೇ: ಕೇಳದೆ ದುಡ್ಡು ಕೊಡುವುದು, ಹಬ್ಬಕ್ಕೆ ಯಾರ ಮನೆಗೆ ಹೋಗುವುದು, ಮನೆಕೆಲಸದಲ್ಲಿ ನಾನೊಬ್ಬಳೇ ಅನ್ನಿಸುವುದು. ಅವರ ಹಾಳೆಯಲ್ಲಿ ನಾನು ಎಣಿಸದ ಒಂದಿತ್ತು. ನಾನು ನನ್ನ ಅಕ್ಕನ ಮುಂದೆ ಅವರ ಸಂಬಳದ ಬಗ್ಗೆ ಆಡಿದ ಒಂದು ಮಾತು. ನಾನು ಆಡಿ ಮರೆತಿದ್ದೆ. ಅವರು ಎರಡು ವರ್ಷ ಅದನ್ನು ಇಟ್ಟುಕೊಂಡಿದ್ದರು.

ಆಮೇಲೆ ಎರಡೂ ಹಾಳೆ ಸೇರಿಸಿ ಎರಡು ಗುಂಪು ಮಾಡಿ. ಬಗೆಹರಿಯುವಂಥವು ಒಂದು ಕಡೆ, ಹಾಗೇ ಉಳಿಯುವಂಥವು ಇನ್ನೊಂದು ಕಡೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಶಕಗಳ ಕಾಲ ದಂಪತಿಗಳ ಮಾತುಕತೆಯನ್ನು ದಾಖಲಿಸಿ ಅಧ್ಯಯನ ಮಾಡಿದವರು. ಅವರ ಲೆಕ್ಕದಲ್ಲಿ ದಂಪತಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69 ಪರ್ಸೆಂಟ್ ಕೊನೆಯವರೆಗೂ ಉಳಿಯುವಂಥವು. ಅವು ಸ್ವಭಾವದಿಂದ ಬರುತ್ತವೆ. ಒಬ್ಬರಿಗೆ ಮನೆ ತುಂಬಾ ನೆಂಟರು ಬೇಕು, ಇನ್ನೊಬ್ಬರಿಗೆ ಮೌನ ಬೇಕು. ಇದನ್ನು ಓದಿದಾಗ ನನಗೆ ಬೇಜಾರಾಗಲಿಲ್ಲ, ಎದೆ ಹಗುರವಾಯಿತು. ಇವರನ್ನು ಬದಲಾಯಿಸಲೇಬೇಕು ಅಂತ ಹೊತ್ತಿದ್ದ ಅರ್ಧ ಭಾರ ಇಳಿಯಿತು. ಉಳಿಯುವ ವಿಷಯಕ್ಕೆ ಪರಿಹಾರ ಹುಡುಕಬೇಡಿ, ಇಬ್ಬರಿಗೂ ಆಗುವ ಒಂದು ಅಳತೆ ಹುಡುಕಿ. ನೆಂಟರು ತಿಂಗಳಿಗೆ ಒಂದು ಸಲ, ಎರಡು ರಾತ್ರಿ. ಅಷ್ಟೇ.

ಎರಡು: ಹೊತ್ತು ಮತ್ತು ಜಾಗ ಗೊತ್ತು ಮಾಡಿ

ವಾರಕ್ಕೆ ಒಂದು ಗಂಟೆ. ದಿನ, ಹೊತ್ತು ಎರಡೂ ನಿಗದಿಯಾಗಿರಲಿ. ರಾತ್ರಿ ಹತ್ತರ ಮೇಲೆ ಬೇಡ. ಹಸಿದಾಗ ಬೇಡ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಬೇಡವೇ ಬೇಡ. ಕುಡಿದಿದ್ದರೆ ಅವತ್ತು ಮಾತೇ ಬೇಡ.

ಅತ್ತೆ ಮಾವ ಇರುವ ಮನೆಯಲ್ಲಿ ಜಾಗದ್ದೇ ದೊಡ್ಡ ಸಮಸ್ಯೆ. ರೂಮಿನ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರೆ ಆಚೆ ಬಂದಾಗ ಎಲ್ಲರ ಮುಖದಲ್ಲೂ ಪ್ರಶ್ನೆ ಇರುತ್ತದೆ. ನಾವು ಭಾನುವಾರ ಸಂಜೆ ತರಕಾರಿ ತರೋಕೆ ಅಂತ ಇಬ್ಬರೂ ಹೊರಡುತ್ತಿದ್ದೆವು. ಮಾರ್ಕೆಟ್ ಪಕ್ಕದ ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತು ಮಾತು, ಆಮೇಲೆ ಸೊಪ್ಪು ತರಕಾರಿ. ಹೊರಗಡೆ ಮಾತಾಡುವುದರಲ್ಲಿ ಇನ್ನೊಂದು ಅನುಕೂಲವಿದೆ. ನಾಲ್ಕು ಜನ ಓಡಾಡುವ ಕಡೆ ದನಿ ತಾನಾಗೇ ತಗ್ಗುತ್ತದೆ. ಅಕ್ಕಪಕ್ಕ ಕೂತು, ಎದುರಿಗಿರುವ ಮರ ನೋಡುತ್ತಾ ಮಾತಾಡುವುದು ಮುಖಕ್ಕೆ ಮುಖ ಕೊಟ್ಟು ಮಾತಾಡುವುದಕ್ಕಿಂತ ಸುಲಭ, ಅದರಲ್ಲೂ ಗಂಡಸರಿಗೆ. ಮನೆಗೆ ಬಂದರೆ ಅತ್ತೆ, "ಇಷ್ಟು ಹೊತ್ತು ಆಯ್ತಾ?" ಅನ್ನೋರು. ಕೈಯಲ್ಲಿ ಚೀಲ ತುಂಬಾ ಸೊಪ್ಪಿರುತ್ತಿತ್ತು.

ಒಂದು ಗಂಟೆಗೆ ಒಂದೇ ವಿಷಯ. ಇನ್ನೊಂದು ನೆನಪಾದರೆ ನೋಟ್‌ಬುಕ್‌ನಲ್ಲಿ ಮುಂದಿನ ವಾರಕ್ಕೆ ಬರೆದಿಡಿ.

ಮೂರು: ಮೊದಲ ವಾಕ್ಯ ಯೋಚಿಸಿಕೊಂಡು ಹೋಗಿ

ಮಾತು ಹೇಗೆ ಶುರುವಾಗುತ್ತದೋ ಹಾಗೇ ಮುಗಿಯುತ್ತದೆ. ಅದಕ್ಕೆ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಹೋಗಿ. ನಾನು ಆಡುತ್ತಿದ್ದ ಮಾತು ಹೀಗಿತ್ತು: "ನಿಮಗೆ ಯಾವಾಗ್ಲೂ ನಿಮ್ಮ ತಮ್ಮನೇ ಮುಖ್ಯ, ನಾವೇನು ಲೆಕ್ಕಕ್ಕೇ ಇಲ್ಲ." ಇದಕ್ಕೆ ಯಾರಾದರೂ ಏನು ಉತ್ತರ ಕೊಡುತ್ತಾರೆ? "ನಿಮ್ಮಕ್ಕನ ಮಗಳ ಮದುವೆಗೆ ನೀನು ಕೊಡಲಿಲ್ವಾ?" ಅಲ್ಲಿಗೆ ಎರಡು ಮನೆತನ ಬೀದಿಗೆ ಬಂತು.

ಅದನ್ನೇ ಹೀಗೆ ಹೇಳಬಹುದು: "ರೀ, ಹೋದ ತಿಂಗಳು ತಮ್ಮನಿಗೆ ಕೊಟ್ಟ ದುಡ್ಡಿನ ವಿಷಯ ನನಗೆ ಬೇರೆಯವರಿಂದ ಗೊತ್ತಾಯ್ತು. ನನಗೆ ತುಂಬಾ ನೋವಾಯ್ತು. ಇನ್ನು ಮೇಲೆ ಕೊಡೋ ಮೊದಲು ನನ್ನನ್ನೂ ಒಂದು ಮಾತು ಕೇಳಿ." ಏನಾಯಿತು, ನನಗೇನು ಅನ್ನಿಸಿತು, ನನಗೇನು ಬೇಕು. ಈ ಮೂರೇ. ಅವರು ಎಂಥವರು ಅನ್ನುವ ತೀರ್ಪು ಇದರಲ್ಲಿ ಎಲ್ಲೂ ಇಲ್ಲ.

ಬಾಯಿಗೆ ಬರಲೇಬಾರದ ಕೆಲವು ಮಾತುಗಳನ್ನು ನಾವು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದಿದ್ದೇವೆ. "ಯಾವಾಗಲೂ", "ಯಾವತ್ತೂ ಇಲ್ಲ", "ನಿಮ್ಮಮ್ಮನ ಥರ", "ನಿಮ್ಮ ಮನೆಯವರೇ ಇಷ್ಟು", "ನಿನ್ನನ್ನು ಕಟ್ಟಿಕೊಂಡು". ಮುಖ್ಯವಾಗಿ ಹಂಗಿಸುವುದು, ಮೂದಲಿಸುವುದು, ಇನ್ನೊಬ್ಬರ ದನಿ ಅಣಕಿಸುವುದು. ಸಂಸಾರ ಮುರಿಯುವ ಲಕ್ಷಣಗಳಲ್ಲಿ ಗಾಟ್‌ಮನ್ ಎಲ್ಲಕ್ಕಿಂತ ಕೆಟ್ಟದ್ದು ಅಂತ ಹೇಳುವುದು ಈ ತಾತ್ಸಾರವನ್ನೇ. ಕೋಪ ಅಷ್ಟು ಅಪಾಯವಲ್ಲ. ಕೋಪದಲ್ಲಿ ಇನ್ನೊಬ್ಬರು ಲೆಕ್ಕಕ್ಕಿರುತ್ತಾರೆ, ತಾತ್ಸಾರದಲ್ಲಿ ಇರುವುದಿಲ್ಲ.

ಕೇಳುವವರಿಗೆ ಒಂದು ಕೆಲಸ ಇದೆ. ಉತ್ತರ ಕೊಡುವ ಮೊದಲು, ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. "ಅಂದ್ರೆ ದುಡ್ಡು ಕೊಟ್ಟಿದ್ದಕ್ಕಲ್ಲ, ಹೇಳದೆ ಕೊಟ್ಟಿದ್ದಕ್ಕೆ ಬೇಜಾರು, ಅಲ್ವಾ?" ಮೊದಮೊದಲು ಇದು ನಾಟಕ ಅನ್ನಿಸುತ್ತದೆ. ಆದರೂ ಮಾಡಿ. ಇವರು ಮೊದಲ ಸಲ ಹಾಗೆ ಕೇಳಿದಾಗ ನನಗೆ ಅಲ್ಲೇ ಬೆಂಚಿನ ಮೇಲೆ ಅಳು ಬಂತು.

ನಾಲ್ಕು: ಬಿಸಿ ಏರಿದರೆ ನಿಲ್ಲಿಸಿ, ಆದರೆ ಹೇಳಿ ನಿಲ್ಲಿಸಿ

ಎದೆ ಡವಗುಟ್ಟುತ್ತಿದೆ, ಕಿವಿ ಬಿಸಿಯಾಗಿದೆ ಅನ್ನಿಸಿದಾಗ ತಲೆಗೆ ಏನೂ ಹೋಗುವುದಿಲ್ಲ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಎದ್ದು ಹೋಗಿ ನಡೆದು ಬನ್ನಿ, ಗಿಡಕ್ಕೆ ನೀರು ಹಾಕಿ, ಪಾತ್ರೆ ತೊಳೆಯಿರಿ. ಆದರೆ "ಅರ್ಧ ಗಂಟೆ ಬಿಟ್ಟು ಮತ್ತೆ ಮಾತಾಡೋಣ" ಅಂತ ಹೇಳಿ ಹೋಗಿ. ಹೇಳಿ ಹೋದರೆ ಅದು ಬಿಡುವು. ಹೇಳದೆ ಹೋದರೆ ಅದು ಮುನಿಸು. ನಮ್ಮ ಮನೆಯಲ್ಲಿ ಮಗುವನ್ನು ಮೂರು ದಿನ ಅಂಚೆಯವಳನ್ನಾಗಿ ಮಾಡಿದ್ದು ಆ ಮುನಿಸೇ. ಈಗ ನಮ್ಮಲ್ಲಿ ಒಂದು ಕಟ್ಟುನಿಟ್ಟಿದೆ. ಏನೇ ಆಗಲಿ, ಮಗಳ ಬಾಯಲ್ಲಿ ಮಾತು ಕಳಿಸುವಂತಿಲ್ಲ.

ಐದು: ದುಡ್ಡಿನ ಲೆಕ್ಕ ಹಾಳೆಗೆ ಬರಲಿ

ದುಡ್ಡಿನ ಜಗಳವನ್ನು ಮಾತಿನಲ್ಲಿ ಬಗೆಹರಿಸಲು ಹೋಗಬೇಡಿ. ಮೊದಲು ಎಲ್ಲವೂ ಹಾಳೆಯ ಮೇಲೆ ಬರಲಿ. ಸಂಬಳ, ಸಾಲ, ಚೀಟಿ, ಕೈಸಾಲ, ಅಡವಿಟ್ಟ ಒಡವೆ, ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲ. ಮುಚ್ಚಿಟ್ಟಿದ್ದು ಏನಾದರೂ ಇದ್ದರೆ ಅವತ್ತೇ ಹೇಳಿಬಿಡಿ. ಎರಡು ವರ್ಷ ಆದ ಮೇಲೆ ಗಿರವಿ ಅಂಗಡಿಯ ನೋಟಿಸಿನಿಂದ ಗೊತ್ತಾದರೆ ಸಾಲದ ನೋವಿಗಿಂತ ಮೋಸದ ನೋವು ದೊಡ್ಡದಾಗಿರುತ್ತದೆ.

ಒಂದು ಉದಾಹರಣೆ ನೋಡಿ. ಗಂಡನಿಗೆ 38,000, ಹೆಂಡತಿಗೆ 27,000, ಒಟ್ಟು 65,000 ಬರುತ್ತದೆ ಅಂದುಕೊಳ್ಳಿ. ಬಾಡಿಗೆ 14,000. ದಿನಸಿ, ಹಾಲು, ಗ್ಯಾಸ್, ಕರೆಂಟು 15,000. ಇಎಂಐ 9,000. ಸ್ಕೂಲ್ ಫೀಸಿಗೆ ಅಂತ ತೆಗೆದಿಡುವುದು 6,000. ಚೀಟಿ 5,000. ಇಬ್ಬರ ತಂದೆತಾಯಿಯ ಮನೆಗೂ 3,000ದಂತೆ 6,000. ಕಷ್ಟಕಾಲಕ್ಕೆ 5,000. ಉಳಿದ 5,000ವನ್ನು ಇಬ್ಬರೂ ಅರ್ಧ ಅರ್ಧ ಇಟ್ಟುಕೊಳ್ಳುತ್ತಾರೆ. ಈ ಕೈಖರ್ಚಿನ 2,500ಕ್ಕೆ ಯಾರೂ ಯಾರಿಗೂ ಲೆಕ್ಕ ಕೊಡುವಂತಿಲ್ಲ, ಕೇಳುವಂತಿಲ್ಲ.

ಇದರಲ್ಲಿ ಎರಡು ವಿಷಯಕ್ಕೆ ಗಮನ ಕೊಡಿ. ಒಂದು, ಇಬ್ಬರ ತವರಿಗೂ ಒಂದೇ ಮೊತ್ತ, ಅದೂ ತಿಂಗಳ ಮೊದಲೇ ಎತ್ತಿಟ್ಟದ್ದು. ಹೆಂಡತಿಯ ತವರು ಬರೀ ಕೊಡುವ ಮನೆ, ಗೌರಿ ಹಬ್ಬಕ್ಕೆ ಬಾಗಿನ ಕಳಿಸುವ ಮನೆ ಅಂದುಕೊಳ್ಳುವ ಕಾಲ ಹೋಯಿತು. ಅಲ್ಲೂ ವಯಸ್ಸಾದವರಿದ್ದಾರೆ, ಅವರಿಗೂ ಮಾತ್ರೆ ಖರ್ಚಿದೆ. ಎರಡು, ಹೆಂಡತಿ ಹೊರಗೆ ದುಡಿಯದಿದ್ದರೂ ಕೈಖರ್ಚು ಸಮಸಮ. ನೂರು ರೂಪಾಯಿಗೂ ಕೈಚಾಚಬೇಕಾದವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಅಂತ ಚಾಚಿದವರಿಗೇ ಗೊತ್ತು.

ಆಮೇಲೆ ಒಂದು ಗೆರೆ ಎಳೆಯಿರಿ. ನಮ್ಮದು 3,000. ಅದಕ್ಕಿಂತ ಜಾಸ್ತಿ ಯಾರಿಗೇ ಕೊಡುವುದಿದ್ದರೂ, ಏನೇ ಕೊಳ್ಳುವುದಿದ್ದರೂ ಮೊದಲು ಕೇಳಬೇಕು. ಕೊಟ್ಟು ಬಂದು ಹೇಳುವುದಕ್ಕೂ ಕೇಳಿ ಕೊಡುವುದಕ್ಕೂ ತುಂಬಾ ವ್ಯತ್ಯಾಸವಿದೆ. ಮೈದುನನಿಗೆ ಆಮೇಲೂ ಒಂದು ಸಲ ದುಡ್ಡು ಬೇಕಾಯಿತು. ಇವರು ಕೇಳಿದರು. ನಾನೇ ಚೀಟಿ ಎತ್ತಿ ಕೊಟ್ಟೆ.

ಆರು: ಎರಡೂ ಮನೆಯ ವಿಷಯ

ಅವರವರ ತಂದೆತಾಯಿಗೆ ಹೇಳಬೇಕಾದ್ದನ್ನು ಅವರವರೇ ಹೇಳಿ. ಅತ್ತೆಗೆ ಸೊಸೆ ಹೇಳಿದರೆ ಅದು ಎದುರು ಮಾತು. ಅದೇ ಮಾತನ್ನು ಮಗ ಹೇಳಿದರೆ ಬರೀ ಮಾತು. ಅಳಿಯ ಮಾವನಿಗೆ ಹೇಳುವುದೂ ಅಷ್ಟೇ. ಹಾಗಾಗಿ "ನಿಮ್ಮ ಸೊಸೆಗೆ ಇದು ಇಷ್ಟ ಇಲ್ವಂತೆ" ಅಂತ ಗಂಡ ಜಾರಿಕೊಳ್ಳಬಾರದು. "ಅಮ್ಮಾ, ನಾವಿಬ್ಬರೂ ಹೀಗೆ ಅಂದುಕೊಂಡಿದ್ದೀವಿ" ಅನ್ನಬೇಕು. ಈ ಒಂದು "ನಾವಿಬ್ಬರೂ" ಅನ್ನುವುದಕ್ಕೆ ಎಷ್ಟು ಹೆಂಗಸರು ಎಷ್ಟು ವರ್ಷ ಕಾಯುತ್ತಾರೆ ಗೊತ್ತಾ?

ಹಬ್ಬದ ವಿಷಯವನ್ನು ಹಬ್ಬದ ಹಿಂದಿನ ವಾರ ಎತ್ತಬೇಡಿ. ಹೊಸ ಕ್ಯಾಲೆಂಡರ್ ಗೋಡೆಗೆ ಬಂದ ದಿನವೇ ಪೆನ್ನು ಹಿಡಿದು ಕೂತುಕೊಳ್ಳಿ. ಯುಗಾದಿ ಎಲ್ಲಿ, ಗೌರಿ ಗಣೇಶ ಎಲ್ಲಿ, ದೀಪಾವಳಿ ಎಲ್ಲಿ. ಮುಂದಿನ ವರ್ಷ ಅದಲು ಬದಲು. ಎರಡೂ ಮನೆಗೆ ಆ ತಿಂಗಳೇ ಹೇಳಿಬಿಡಿ. ಮೊದಲ ವರ್ಷ ಮುನಿಸಿಕೊಳ್ಳುತ್ತಾರೆ, ಎರಡನೇ ವರ್ಷಕ್ಕೆ ಅಭ್ಯಾಸವಾಗುತ್ತದೆ.

ಮತ್ತೆ, ಪ್ರತಿ ಜಗಳವನ್ನೂ ತವರಿಗೆ ಫೋನ್ ಮಾಡಿ ಒಪ್ಪಿಸಬೇಡಿ. ನೀವು ಮಾರನೇ ದಿನ ರಾಜಿಯಾಗುತ್ತೀರಿ, ನಿಮ್ಮಮ್ಮ ಆಗುವುದಿಲ್ಲ.

ಏಳು: ಕೆಲಸ ಹಂಚಿಕೊಳ್ಳಿ, ಸಹಾಯ ಮಾಡಬೇಡಿ

"ನಾನು ನನ್ನ ಹೆಂಡತಿಗೆ ಸಹಾಯ ಮಾಡ್ತೀನಿ" ಅನ್ನುವವರು ಒಳ್ಳೆಯವರೇ. ಆದರೆ ಆ ಮಾತಿನಲ್ಲಿ ಕೆಲಸವೆಲ್ಲ ಅವಳದ್ದೇ ಅಂತ ಒಪ್ಪಿಕೊಂಡ ಹಾಗಾಯಿತು. ಒಂದು ವಾರ ಮನೆಯ ಎಲ್ಲ ಕೆಲಸವನ್ನೂ ಬರೆಯಿರಿ. ಅಡುಗೆ, ಪಾತ್ರೆ, ಬಟ್ಟೆಯಷ್ಟೇ ಅಲ್ಲ. ಗ್ಯಾಸ್ ಬುಕ್ ಮಾಡುವುದು, ದೋಸೆಗೆ ನೆನೆಹಾಕುವುದನ್ನು ನೆನಪಿಟ್ಟುಕೊಳ್ಳುವುದು, ಸ್ಕೂಲಿನ ವಾಟ್ಸ್ಆ್ಯಪ್ ಮೆಸೇಜ್ ನೋಡುವುದು, ಮಾವನ ಬಿಪಿ ಮಾತ್ರೆ ಮುಗಿಯುವ ಮೊದಲು ತರುವುದು. ನೆನಪಿಟ್ಟುಕೊಳ್ಳುವುದೂ ಕೆಲಸವೇ.

ಹಂಚುವಾಗ ಪೂರ್ತಿ ಕೆಲಸವನ್ನೇ ಒಬ್ಬರಿಗೆ ಬಿಡಿ. ಮಾತ್ರೆ ಅವರದ್ದು ಅಂದರೆ ನೆನಪು, ಚೀಟಿ, ಮೆಡಿಕಲ್ ಸ್ಟೋರ್ ಎಲ್ಲವೂ ಅವರದ್ದೇ. ಬಿಟ್ಟ ಮೇಲೆ ಹಿಂದೆ ನಿಂತು ತಪ್ಪು ಹುಡುಕಬೇಡಿ. ಪಾತ್ರೆ ನಿಮ್ಮ ಥರ ಜೋಡಿಸದಿದ್ದರೆ ಏನೂ ಆಗುವುದಿಲ್ಲ. ಇದು ಹೆಂಗಸರಿಗೆ, ನನ್ನನ್ನೂ ಸೇರಿಸಿ.

ಇದರ ಜೊತೆಗೆ ಒಂದು ಸಣ್ಣ ಮಾತು. ಒಂದು ಕಹಿಗೆ ಐದು ಸಿಹಿ ಇದ್ದರೆ ಸಂಸಾರ ತಡೆಯುತ್ತದೆ ಅನ್ನುವುದು ಗಾಟ್‌ಮನ್ ಅವರ ಇನ್ನೊಂದು ಲೆಕ್ಕ. "ಕಾಫಿ ಚೆನ್ನಾಗಿದೆ" ಅನ್ನುವುದೂ ಸಿಹಿಯೇ. ತಪ್ಪಾದಾಗ "ನನ್ನದು ತಪ್ಪಾಯ್ತು" ಅಂದು ಅಲ್ಲಿಗೆ ನಿಲ್ಲಿಸಿ. ಹಿಂದೆಯೇ "ಆದ್ರೆ ನೀನೂ..." ಸೇರಿಸಬೇಡಿ.

ಎಂಟು: ಮೂರನೆಯವರು ಬೇಕಾದಾಗ

ಎರಡು ಮೂರು ತಿಂಗಳು ಪ್ರಯತ್ನಿಸಿದರೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರೆ ಹೊರಗಿನವರ ನೆರವು ತೆಗೆದುಕೊಳ್ಳಿ. ಹಿರಿಯರಾದರೆ ಇಬ್ಬರಿಗೂ ಸಮಾನ ಗೌರವ ಇರುವ ಒಬ್ಬರು ಸಾಕು. ಹತ್ತು ಜನ ಕೂತು ಪಂಚಾಯ್ತಿ ಮಾಡುವುದು ಬೇಡ. ಅಲ್ಲಿ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ, ಇಬ್ಬರೂ ಒಂದೇ ಮನೆಗೆ ವಾಪಸ್ ಹೋಗಬೇಕು.

ಅದಕ್ಕಿಂತ ಕೌನ್ಸೆಲರ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅವರು ಯಾರು ಸರಿ ಅಂತ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಒಬ್ಬೊಬ್ಬರನ್ನೇ ಬೇರೆಯಾಗಿಯೂ ಕೇಳುತ್ತಾರೆ. ಹೋಗುವ ಮೊದಲು ಫೀಸು ಎಷ್ಟು, ದಂಪತಿಗಳ ಜೊತೆ ಕೆಲಸ ಮಾಡಿದ ಅನುಭವ ಇದೆಯಾ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಅಂತಲೂ ಕೇಳಬಹುದು, ತಪ್ಪೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಬಿಟಿಎಂ ಲೇಔಟ್‌ನಲ್ಲಿ ಅದರ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಅದು ಸುಲಭ. ಊರಿನಲ್ಲಿರುವವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮನಸ್, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಜೊತೆಗಾರರು ಬರಲು ಒಪ್ಪದಿದ್ದರೆ ಒಬ್ಬರೇ ಹೋಗಿ. ಒಬ್ಬರು ಮಾತಾಡುವ ರೀತಿ ಬದಲಾದರೂ ಮನೆಯ ಜಗಳದ ದಾರಿ ಬದಲಾಗುತ್ತದೆ.

ಕೆಲವು ಸಲ ಸಮಸ್ಯೆ ದಾಂಪತ್ಯದ್ದೇ ಆಗಿರುವುದಿಲ್ಲ. ಕುಡಿತ ಚಟವಾಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಆಣೆ ಪ್ರಮಾಣ ಸಾಲದು. ಹೆರಿಗೆಯಾದ ಮೇಲೆ ಹೆಂಡತಿ ಸುಮ್ಮಸುಮ್ಮನೆ ಅಳುತ್ತಿದ್ದರೆ, ಗಂಡ ತಿಂಗಳುಗಟ್ಟಲೆ ನಿದ್ದೆ ಬಿಟ್ಟು ಮಂಕಾಗಿದ್ದರೆ, ಅದನ್ನು ಅಹಂಕಾರ ಅಂದುಕೊಳ್ಳದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೋರ್ಟಿನವರೆಗೆ ಹೋದರೂ ಮಾತಿನ ಬಾಗಿಲು ಮುಚ್ಚುವುದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸಿ ಅಂತಲೇ ಹೇಳುತ್ತದೆ. ಬೆಂಗಳೂರಿನಲ್ಲಿ 2007ರಿಂದ ಹೈಕೋರ್ಟಿನ ಅಡಿಯಲ್ಲಿ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಕೇಸಿನಲ್ಲಿ ನಿಮ್ಮ ಮೇಲೆ ಬಳಸುವಂತಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ಬೇರೆಯಾಗಲು ಒಂದು ವರ್ಷ ದೂರವಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಅದು ಇನ್ನೊಮ್ಮೆ ಯೋಚಿಸಲು ಕೊಟ್ಟ ಕಾಲ. ಕೂಡಿಬಾಳುವುದು ಸಾಧ್ಯವೇ ಇಲ್ಲ ಅಂತ ಖಚಿತವಾದರೆ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕೆಲವರಿಗೆ ಬೇರೆಯಾಗುವುದೇ ಸರಿಯಾದ ದಾರಿ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಮೊದಲ ಭಾನುವಾರಕ್ಕೆ

ದೊಡ್ಡ ವಿಷಯ ಮುಟ್ಟಬೇಡಿ. ಹಾಳೆಯಲ್ಲಿರುವ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ. ಮೊದಲ ವಾರ ಒಂದು ಗಂಟೆಯೂ ಬೇಡ, ಅರ್ಧ ಗಂಟೆ ಸಾಕು. ಫೋನ್ ಎರಡೂ ಚೀಲದೊಳಗಿರಲಿ. ಏನು ತೀರ್ಮಾನವಾಯಿತು ಅಂತ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದು ತಾರೀಕು ಹಾಕಿ. ನಮ್ಮ ನೋಟ್‌ಬುಕ್‌ನ ಮೊದಲ ಪುಟದಲ್ಲಿರುವುದು ಬೆಳಿಗ್ಗೆ ಹಾಲು ಯಾರು ತರಬೇಕು ಅನ್ನುವ ವಿಷಯ. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಅವತ್ತಿನಿಂದ ಇವತ್ತಿನವರೆಗೂ ಹಾಲು ಅವರೇ ತರುತ್ತಾರೆ.